ಗಾಳಿ ಬಂದಾಗ ಅಪ್ಪಿಕೋ

ಗಾಳಿ ಬಂದಾಗ ತೂರಿಕೋ ಎನ್ನುವುದು ಹಿರಿಯರ ಮಾತು. ಗಾಳಿ ಬಂದಾಗ ಅಪ್ಪಿಕೋ ಎನ್ನುವುದು ಠಾಣೆ ಶಹರದ ಗುರುವಪ್ಪನ ಪಾಡು. ನಿಜದ ಕಥೆ, ಗಾಳಿಮಾತಲ್ಲ.

ಸ್ಟೇಷನ್ನಿಗೆ ತಾಗಿದ ಕೋಪರಿಯ ಗಲ್ಲಿಯಲ್ಲಿ ಬೆಳಕು ಹರಿಯುವಾಗಲೇ ಗುರುವಪ್ಪ ಮನೆಯೊಂದರ ಮಾಡು ಹತ್ತಿದ್ದಾರೆ. ಅವರ ಸೊಂಟಕ್ಕೆ ಕಟ್ಟಿದ ಹಗ್ಗ ಕಬ್ಬಿಣದ ತೊಲೆ ದಾಟಿ ಇಳಿದು, ಕೆಳಗೆ ನಿಂತ ಹೆಂಡತಿ ಅಪ್ಪಿಯ ಸೊಂಟಕ್ಕೆ ಸುತ್ತಿದೆ. ಮಳೆಗಾಲಕ್ಕೆ ಮುಂಚೆ ಮಾಡಿನ ತಗಡು ಬದಲಿಸುವುದು ಇಬ್ಬರ ಕಸುಬು. ತಗಡಿಗೆ ಇಲ್ಲಿ ‘ಪತ್ರಾ’ ಎನ್ನುತ್ತಾರೆ. ಊರಲ್ಲಿ ಪತ್ರ ಬಂದರೆ ಓದಬೇಕು, ಇಲ್ಲಿ ಪತ್ರಾ ಬಂದರೆ ಓಡಬೇಕು! ಬಿಸಿಲೇರಿದರೆ ಅದು ದೋಸೆಕಾವಲಿ. ಹಾಗಾಗಿ ಕೆಲಸ ಬೆಳಗ್ಗೆ ಮತ್ತು ಇಳಿಹೊತ್ತು.

ಕಾರ್ಕಳದ ಕಡೆಯ ಅಪ್ಪಿಗೆ ಯಾರ ದನಿಯನ್ನಾದರೂ ಹಾಗ್ಹಾಗೇ ತೆಗೆಯುವ ವಿದ್ಯೆ ಒಲಿದಿದೆ. ಕುಕ್ಕರಿನ ಸೀಟಿ, ಮಾಲಕರ ಕೆಮ್ಮು, ಸ್ಟೇಷನ್ನಿನ ಅನೌನ್ಸ್‌ಮೆಂಟು, ಎಲ್ಲವೂ. "ಕೈಗೆ ಹಗ್ಗ ಉಂಟು, ಬಾಯಿ ಖಾಲಿ ಅಲ್ವಾ?" ಎನ್ನುತ್ತಾರೆ. "ಮೇಲಿದ್ದವರನ್ನು ಎಲ್ಲರೂ ನೋಡ್ತಾರೆ. ನನ್ನ ಹತ್ರ ಕೇಳುವುದು, ನೀನ್ಯಾಕೆ ಸುಮ್ನೆ ನಿಂತದ್ದು ಅಂತ."

ಕಳೆದ ಮೇ ತಿಂಗಳ ಒಂದು ಸಂಜೆ ಮಾತ್ರ ಆ ಖಾಲಿ ಬಾಯಿಗೂ ಕೆಲಸ ಬಿತ್ತು.

ಆ ಸಂಜೆ ಆಕಾಶ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಖಾಡಿಯ, ಅಂದರೆ ಕಡಲ ಹಿನ್ನೀರಿನ, ಕಡೆಯಿಂದ ಧೂಳಿನ ಗೋಡೆಯೇ ಎದ್ದು ಬಂದು ಗಲ್ಲಿಯನ್ನು ನುಂಗುತ್ತದೆ. ಮೊಳೆ ಕಿತ್ತ ಪತ್ರಾವೊಂದು ಸೆಟೆದು ನಿಲ್ಲುತ್ತದೆ. ಗುರುವಪ್ಪ ಅದರ ಮೇಲೆ ಬೋರಲು ಬಿದ್ದು ಅಪ್ಪಿಕೊಳ್ಳುತ್ತಾರೆ. ಪತ್ರಾ ಅವರನ್ನು ಹೊತ್ತೇ ಏಳುತ್ತದೆ, ಬೀಳುತ್ತದೆ. ಹಗ್ಗ ಜಗ್ಗಿದ ರಭಸಕ್ಕೆ ಅಪ್ಪಿಯ ಕಾಲು ನೆಲ ಬಿಡುತ್ತದೆ. ಎದುರು, ಮುಚ್ಚಿದ ಅಂಗಡಿಯ ಸೂರಿನಡಿ, ಲೋಕಲ್ ರೈಲು ನಿಂತು ಸಿಕ್ಕಿಬಿದ್ದ ಜನ. ಪತ್ರಾ ಬಿಟ್ಟರೆ ನೇರ ಅವರ ಕುತ್ತಿಗೆಗೆ.

"ಅಪ್ಪೀ, ಕೈ ಸೋತಿತು ಮಾರಾಯ್ತಿ!"

"ಬಿಡಬೇಡಿ! ಕೆಳಗೆ ಜನ ಉಂಟು!"

ಅಪ್ಪಿ ಜನರತ್ತ ಕಿರುಚುತ್ತಾರೆ: "ಪತ್ರಾ! ಭಾಗೋ!" ಒಬ್ಬರೂ ಅಲುಗುವುದಿಲ್ಲ. ಅಂಥ ಗಾಳಿಗೆ ಸೂರು ಬಿಟ್ಟು ಹೊರಡುವವರು ಯಾರು? ಹಗ್ಗ ಬಿಟ್ಟು ಓಡಿಹೋಗಿ ಅವರನ್ನು ಎಳೆಯೋಣವೆಂದರೆ ಗಂಡ ಗಾಳಿಪಾಲು. ಕೈಗೆ ಸಿಕ್ಕಿದ್ದು ಮಳೆನೀರಿನ ಪೈಪಿನ ತುಂಡು. ಅದನ್ನೇ ಬಾಯಿಗಿಟ್ಟು, ಮೂಗಿನಲ್ಲಿ, ಆರಾಮಾಗಿ, ಸ್ಟೇಷನ್ನಿನ ಹೆಣ್ಣುದನಿ ತೆಗೆಯುತ್ತಾರೆ:

"ಕೃಪಯಾ ಲಕ್ಷ ದ್ಯಾ... ಫಲಾಟ್ ಕ್ರಮಾಂಕ್ ಚಾರ್... ಟಿಟ್ವಾಳಾ ಫಾಸ್ಟ್ ಲೋಕಲ್..."

ನಾಲ್ಕನೇ ಫಲಾಟಿಗೆ, ಎಂದರೆ ಪ್ಲಾಟ್‌ಫಾರ್ಮಿಗೆ, ಟಿಟ್ವಾಳಾದ ರೈಲು ಬರುತ್ತಿದೆಯಂತೆ. ಸಾವಿಗೆ ಅಲುಗದವರು ಲೋಕಲಿಗೆ ಓಡುತ್ತಾರೆ! ಎಲ್ಲರಿಗಿಂತ ಮುಂದೆ ಟಿಟ್ವಾಳಾವಾಸಿ ರಮಾಕಾಂತ, ಉಡುಪಿ ಹೋಟೆಲಿನ ಮ್ಯಾನೇಜರು. ಗಲ್ಲಿ ಬರಿದಾಗುತ್ತದೆ.

"ಈಗ ಬಿಡಿ!"

ಪತ್ರಾ ಸುಯ್ಯನೆ ಬಂದು ಅಂಗಡಿಯ ಮರದ ಬಾಗಿಲಿಗೆ ನಾಟುತ್ತದೆ.

ಗಾಳಿ ತಗ್ಗಿ ಗುರುವಪ್ಪ ಇಳಿದರೂ ಅಪ್ಪಿಯ ಬೆರಳು ಹಗ್ಗದಿಂದ ಬಿಡಿಸಿಕೊಳ್ಳುವುದಿಲ್ಲ. ಅಷ್ಟರಲ್ಲಿ ತಲೆತುಂಬ ಧೂಳು ಹೊತ್ತ ರಮಾಕಾಂತ, ದನಿ ಯಾರದೆಂದು ಹೊಳೆದು, ಕೆಂಡವಾಗಿ ವಾಪಸು. ಹಿಂದೆಯೇ ಉಳಿದವರು.

"ಎಲ್ಲಿ ಮಾರಾಯ್ತಿ ನಿನ್ನ ಟಿಟ್ವಾಳಾ ಫಾಸ್ಟು? ಅಲ್ಲಿ ಒಂದು ಗಾಡಿ ಇಲ್ಲ! ಜೀವ ಹೋಗುವ ಗಾಳಿಯಲ್ಲಿ ತಮಾಷೆಯಾ?"

ಅಪ್ಪಿ ಅಂಗಡಿಯ ಬಾಗಿಲಿನತ್ತ ಗಲ್ಲ ಎತ್ತಿ ತೋರಿಸುತ್ತಾರೆ. ರಮಾಕಾಂತ ನಿಂತಿದ್ದ ಜಾಗದಲ್ಲೇ, ಅವರ ಗಂಟಲಿನ ಎತ್ತರಕ್ಕೆ, ಪತ್ರಾ ನಾಟಿ ನಿಂತಿದೆ. ಅವರು ತಮ್ಮ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತಾರೆ. ಇನ್ನೊಮ್ಮೆ ಮುಟ್ಟುತ್ತಾರೆ.

"ಗಾಡಿ ಬಂದದ್ದು ಹೌದು ಮಾರಾಯ್ತಿ," ಎನ್ನುತ್ತಾರೆ. "ಫಲಾಟ್ ಮಾತ್ರ ಅದಲ್ಲ, ಇದು!"

ಗಲ್ಲಿಗೆ ಗಲ್ಲಿಯೇ ನಗುತ್ತದೆ. ರಮಾಕಾಂತರ ನಗು ಮಾತ್ರ ಸ್ಟೇಷನ್ನಿನವರೆಗೂ ಕೇಳುತ್ತದೆ.