ಬಾಗಿಲ ಮುಂದಿನ ಬೂಟು

ಅರ್ಮಾಂಡೀನಳ ಸಂಸಾರ ಮುರಿದದ್ದು ನನ್ನ ಬಾಯಿಂದ. ಬೇರೆ ಯಾರನ್ನು ದೂರಲಿ?

ಫ್ರಾನ್ಸಿನ ಸೊಲೋನ್ಯದ ಆ ದೊಡ್ಡ ಬಂಗಲೆಯಲ್ಲಿ ಅವಳು ಯಜಮಾನಿ ಮದಾಮ್ ಅವರ ಕೋಣೆಯ ಕೆಲಸದವಳು, ನಾನು ಇಸ್ತ್ರಿಯವಳು. ಬೇಟೆಯ ದಿನಗಳಲ್ಲಿ ಇಬ್ಬರೂ ರಾತ್ರಿ ಅಲ್ಲೇ ಉಳಿಯುತ್ತಿದ್ದೆವು. ಬೇಟೆಗೆ ಬಂದ ಅತಿಥಿಗಳು ಮಲಗುವ ಮುಂಚೆ ಬೂಟನ್ನು ಬಾಗಿಲ ಹೊರಗಿಡುತ್ತಾರೆ. ಬೆಳಗಾಗುವಷ್ಟರಲ್ಲಿ ಪಾಲಿಶ್ ಆಗಿರಬೇಕು. ಒಬ್ಬ ಪುಣ್ಯಾತ್ಮ ಅಭ್ಯಾಸಬಲದಿಂದ ಮದಾಮ್ ಅವರ ಬಾಗಿಲ ಮುಂದೆಯೇ ಬೂಟು ಬಿಟ್ಟು ಒಳಗೆ ಹೋಗಿದ್ದ! ಬೆಳಿಗ್ಗೆ ಅದು ಯಜಮಾನರ ಕಣ್ಣಿಗೆ ಬಿತ್ತು.

ಅರ್ಮಾಂಡೀನ್ ಓಡಿ ಬಂದಳು. "ತಪ್ಪಾಯ್ತು ಮುಸ್ಯೂ, ಅವರು ನನ್ನ ಕೋಣೇಲಿದ್ರು. ಯಾರಿಗೂ ಗೊತ್ತಾಗ್ಬಾರ್ದು ಅಂತ ಬೂಟು ಅವರ ಬಾಗಿಲಿಗೆ ಇಡೋಕೆ ಹೋಗಿ, ಕತ್ತಲಲ್ಲಿ ಇಲ್ಲಿಟ್ಟುಬಿಟ್ಟೆ."

ಯಜಮಾನರು ನಕ್ಕುಬಿಟ್ಟರು. ಕೆಲಸದವಳ ಮಾನ ತಾನೇ, ಹೋದರೆ ಯಾರಿಗೇನು? ನಿಜ ಎಲ್ಲೂ ಬಾಯಿಬಿಡುವುದಿಲ್ಲವೆಂದು ಮದಾಮ್ ಅವಳಿಂದ ಆಣೆ ಹಾಕಿಸಿಕೊಂಡರು. ನಿಜ ಗೊತ್ತಿದ್ದ ಇನ್ನೊಬ್ಬಳು ನಾನೇ.

ಮರುವರ್ಷ ಬಂಗಲೆಗೆ ಸಿನಿಮಾದವರು ಬಂದರು, ಹಾಸ್ಯಚಿತ್ರ ತೆಗೆಯಲು. ಕಥೆ ಬರೆಯುವವನು ಇಸ್ತ್ರಿ ಕೋಣೆಗೆ ಬಂದು, "ಇಲ್ಲಿ ನಡೆದ ತಮಾಷೆ ಏನಾದ್ರೂ ಇದ್ರೆ ಹೇಳಮ್ಮ" ಎಂದ. ನನ್ನ ನಾಲಗೆ ಸುಮ್ಮನಿರಬೇಕಲ್ಲ! ಯಜಮಾನರು ನಂಬಿದ್ದ ಕಥೆಯನ್ನೇ ಹೇಳಿ ನಗಿಸಿದೆ.

ಚಿತ್ರ ನಮ್ಮ ಪೇಟೆಗೆ ಬಂದ ಭಾನುವಾರ ಇಡೀ ಊರೇ ಹೋಗಿತ್ತು. ತೆರೆಯ ಮೇಲೆ ಅದೇ ಬಂಗಲೆ, ಅದೇ ಮೊಗಸಾಲೆ. ಕೆಲಸದವಳು, "ಅವರು ನನ್ನ ಕೋಣೇಲಿದ್ರು" ಎಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರೇ ತಿರುಗಿ ಅರ್ಮಾಂಡೀನಳನ್ನು ನೋಡಿದರು. ಪಕ್ಕದಲ್ಲಿ ಅವಳ ಗಂಡ ಫರ್ಮೆನ್, ಅಂಚೆ ಕಚೇರಿಯ ನೌಕರ, ಕೂತಿದ್ದ.

ಹೊರಗೆ ಅವನು ನನ್ನ ದಾರಿಗೆ ಅಡ್ಡ ನಿಂತ. "ಅಕ್ಕಾ, ಇವಳು ಬಾಯೇ ಬಿಡ್ತಿಲ್ಲ. ನೀನೂ ಆ ಮನೇಲೇ ಇರೋಳು. ಹಂಗೇನೂ ಇಲ್ಲ ಅಂತ ಒಂದ್ಮಾತು ಹೇಳು, ಸಾಕು."

ಒಂದೇ ಮಾತು. ಆದರೆ ಅರ್ಮಾಂಡೀನ್ ಮತ್ತೆ ಯಾಕೆ ಹಾಗೆ ಒಪ್ಪಿಕೊಂಡಳೆಂದು ಅವನು ಕೇಳಿದರೆ ಮದಾಮ್ ಅವರ ಹೆಸರು ಬರುತ್ತದೆ, ನನ್ನ ಕೆಲಸ ಹೋಗುತ್ತದೆ.

"ನಾನು ಇಸ್ತ್ರಿ ಹಾಕೋಳಪ್ಪ, ನನಗೇನು ಗೊತ್ತು?" ಎಂದೆ. ಥೂ ನನ್ನ ಜನ್ಮಕ್ಕೆ!

ಆ ವಾರವೇ ಫರ್ಮೆನ್ ವರ್ಗ ಮಾಡಿಸಿಕೊಂಡು ಒಬ್ಬನೇ ಹೊರಟುಹೋದ. ಅರ್ಮಾಂಡೀನ್ ಬೈಯಲಿ ಎಂದು ನಾನೇ ಅವಳ ಮನೆಗೆ ಹೋದೆ. ಅವಳು ಕುರ್ಚಿ ಎಳೆದು ಕೂರಿಸಿ, ಸೂಪು ಬಡಿಸಿ, "ನೀನಾದ್ರೂ ಏನ್ಮಾಡ್ತೀಯಕ್ಕಾ, ನಿನಗೂ ಹೊಟ್ಟೆ ಇದೆಯಲ್ಲ" ಎಂದಳು.