ರೈಲಿನಲ್ಲಿ ಪೆನ್ಸಿಲ್ ಮಾರಿದ ದುಸಿಕ್

ಯುದ್ಧ ನಿಂತ ಮರುವರ್ಷ ಬುಸಾನ್ ಕಡೆಯ ರೈಲುಗಳಲ್ಲಿ ಗಾಯಾಳು ಸಿಪಾಯಿಗಳು ಪೆನ್ಸಿಲ್ ಮಾರುತ್ತಿದ್ದರು. ಗ್ವಾಕ್ ದುಸಿಕ್ ಅವರಲ್ಲೊಬ್ಬ. ಅವನ ಬಲಗೈ ಮೊಣಕೈಯಿಂದ ಕೆಳಗೆ ಹೋಗಿತ್ತು. ಆಸ್ಪತ್ರೆಯವರು ಅಲ್ಲಿಗೆ ಕಬ್ಬಿಣದ ಕೊಕ್ಕೆ ಕೂರಿಸಿ, ಅದರಲ್ಲಿ ಕೆಲಸ ಮಾಡುವುದನ್ನು ಕಲಿಸುತ್ತೇವೆ, ಇರು ಎಂದರು. ಅವನು ಅಲ್ಲಿ ನಿಲ್ಲಲಿಲ್ಲ. ಎಳೆಮಗುವಿನಂತೆ ಅಂಗಿಯ ಗುಂಡಿಗೆ ತಡಕಾಡುವುದಕ್ಕಿಂತ ಜನರನ್ನು ಹೆದರಿಸುವುದು ಸಲೀಸಾಗಿತ್ತು. ಮಿರ್ಯಾಂಗ್‌ನಲ್ಲಿದ್ದ ತಾಯಿಗೆ, ಇನ್ನೂ ಆಸ್ಪತ್ರೆಯಲ್ಲೇ ಇದ್ದೇನೆ ಎಂದು ಹೇಳಿಕಳಿಸಿದ್ದ.

"ನಿಮಗೋಸ್ಕರ ಕೈ ಕೊಟ್ಟು ಬಂದಿದೀನಿ. ಒಂದು ಪೆನ್ಸಿಲ್ ತಗೊಳ್ಳೋಕೆ ನಿಮಗೆ ಕೈ ಬರಲ್ವಾ?" ಎಂದು ಕೊಕ್ಕೆಯನ್ನು ಸೀಟಿಗೆ ಬಡಿಯುತ್ತಿದ್ದ. ಜನ ತೆಪ್ಪಗೆ ಕಾಸು ಬಿಚ್ಚುತ್ತಿದ್ದರು.

ಒಂದು ಮಧ್ಯಾಹ್ನ ಹಾಗೆ ಬಡಿದಾಗ ಹೆಂಗಸೊಬ್ಬಳು ಮಗುವಿನ ಮುಖವನ್ನು ಎದೆಗೆ ಒತ್ತಿಕೊಂಡಳು. ತಲೆಯೆತ್ತದೆ, "ತಗೊಳಪ್ಪ, ಮಗು ಹೆದರ್ಕೊಳ್ತಿದೆ, ಮುಂದೆ ಹೋಗು" ಎಂದು ಕಾಸು ಚಾಚಿದಳು.

ತಂಗಿ ಬುನ್ರೆಯ ದನಿ. ದುಸಿಕ್ ಮುಂದೆ ಹೋಗಬೇಕಿತ್ತು, ನಿಂತುಬಿಟ್ಟ. ಅವಳು ತಲೆಯೆತ್ತಿದಳು.

"ಅಣ್ಣಾ..." ಎಂದಳು. "ಊಟ ಮಾಡಿದ್ಯಾ?"

ಬೋಗಿಯ ಜನರೆಲ್ಲ ನೋಡುತ್ತಿದ್ದರು. ದುಸಿಕ್ ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟ.

ಆಸ್ಪತ್ರೆಗೆ ಮರಳಿದಾಗ, ಕಾಲಿಲ್ಲದ ಸಿಪಾಯಿ ಮಾ ಚುನ್ಬೊ ಹಾಸಿಗೆಯಿಂದಲೇ ಕೂಗಿದ: "ಬನ್ನಿ ಸೇನಾಪತಿಗಳೇ! ರೈಲು ಗೆದ್ದಾಯ್ತಾ?" ಆ ಗೇಲಿಯನ್ನು ದುಸಿಕ್ ನುಂಗಿಕೊಂಡ. ಚಳಿಗಾಲವಿಡೀ ಆ ಕೊಕ್ಕೆಯಲ್ಲೇ ಅಂಗಿಯ ಗುಂಡಿ ಹಾಕಿದ, ಮೊಳೆ ಹೊಡೆದ, ಕೊಡಲಿ ಹಿಡಿದ. ಮೊಂಡುಗೈ ಉಜ್ಜಿ ರಕ್ತ ಬಂದರೂ ಬಿಡಲಿಲ್ಲ.

ವಸಂತದಲ್ಲಿ ಮನೆಗೆ ಹೋದ. ಬುನ್ರೆ ತಾಯಿಗೆ ಏನೂ ಹೇಳಿರಲಿಲ್ಲ. ಅವಳು ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ದುಸಿಕ್‌ಗೆ. ತಾಯಿ ಬಾರ್ಲಿ ಅನ್ನ ಬಡಿಸಿ, "ಪಾಪ, ಎಷ್ಟು ದಿನ ಆಸ್ಪತ್ರೆಯಲ್ಲಿ ನರಳಿದ್ಯೋ" ಎಂದಾಗ ಅವನು ತಟ್ಟೆ ಸರಿಸಿದ. ಎಲ್ಲವನ್ನೂ ಹೇಳಿಬಿಟ್ಟ.



"ಬುನ್ರೆಯ ಗಂಡನೂ ಅದೇ ಯುದ್ಧಕ್ಕೆ ಹೋದೋನು ಕಣೋ. ಅವನ ಬೂದಿನೂ ಬರಲಿಲ್ಲ" ಎಂದಳು ತಾಯಿ. ದುಸಿಕ್‌ಗೆ ಇದು ಗೊತ್ತಿರಲಿಲ್ಲ. "ನೀನು ಅಳಿಸಿದ ಮಕ್ಕಳನ್ನೆಲ್ಲ ಎಲ್ಲಿ ಅಂತ ಹುಡುಕ್ತೀಯ? ಈ ಒಂದು ಮನೆ ಗೊತ್ತಲ್ಲ. ಹೋಗಿ ಸೌದೆ ಒಡೆದು ಕೊಡು."

ಅಂದಿನಿಂದ ಪ್ರತಿ ಸಂತೆಯ ದಿನ ಬುನ್ರೆಯ ಅಂಗಳದಲ್ಲಿ, ಮನೆಯ ಕಡೆ ಬೆನ್ನು ಹಾಕಿ ಸೌದೆ ಒಡೆಯುತ್ತಿದ್ದ. ಒಮ್ಮೆ ಮಗು ಹತ್ತಿರ ಬಂದು, "ಮಾಮಾ, ಅದು ಕಚ್ಚತ್ತಾ?" ಎಂದು ಕೇಳಿತು. ಅವನು ಹೆಗಲ ಮೇಲಿನ ಟವೆಲನ್ನು ಕೊಕ್ಕೆಗೆ ಸುತ್ತಿದ.

ಮುಂದೆ ಬಡಗಿಯಾಗಿ ಊರಿಗೆಲ್ಲ ಬಾಗಿಲು ಕಿಟಕಿ ಮಾಡಿಕೊಟ್ಟ. ಹುತಾತ್ಮರ ದಿನ ಊರವರು ವೀರನೆಂದು ಮುಂದಿನ ಸಾಲಿಗೆ ಕರೆದರೆ ಮಾತ್ರ ಹೋಗುತ್ತಿರಲಿಲ್ಲ. "ಅಲ್ಲಿ ಬುನ್ರೆಯನ್ನ ಕೂರಿಸಿ" ಎನ್ನುತ್ತಿದ್ದ.