ಕತ್ತಿಯಡಿಯ ನಗು

ನಕ್ಕರೆ ಅವರ ಹೊಟ್ಟೆ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಕ್ಷೌರದ ಕತ್ತಿ ಹಿಡಿದ ಬಲಗೈ ಮಾತ್ರ ಅಲುಗುತ್ತಿರಲಿಲ್ಲ. ಆ ಕೈಯನ್ನು ನಾನು ಒಂದು ದಿನವೂ ಪೂರ್ತಿ ನಂಬಿದವನಲ್ಲ. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ ಅವರ ಕಟಿಂಗ್ ಶಾಪ್. ಅಂಜನಾಪುರದಿಂದ ಗೊಬ್ಬರಕ್ಕೋ ಬೀಜಕ್ಕೋ ಪೇಟೆಗೆ ಬಂದಾಗ ಅಲ್ಲೇ ಗಡ್ಡ ಮಾಡಿಸುತ್ತಿದ್ದೆ. ಎಲ್ಲರಿಗೂ ಅವರು ಅಣ್ಣ.

ಗೋಡೆಯ ಟಿವಿಗೆ ಪೆನ್‌ಡ್ರೈವ್ ಸಿಕ್ಕಿಸಿ ಸಂಜೆತನಕ ಹಳೇ ಕಪ್ಪುಬಿಳುಪು ಸಿನಿಮಾಗಳ ಹಾಸ್ಯದ ಸೀನು ಹಾಕುತ್ತಿದ್ದರು. ಮೀಸೆಯ ಸಾಹುಕಾರನೊಬ್ಬ ಕೆಸರಲ್ಲಿ ಜಾರಿ ಬೀಳುವ ಸೀನೆಂದರೆ ಅವರಿಗೆ ಪ್ರಾಣ.

"ಬೀಳೋದು ಯಾರ್ ಬೇಕಾದ್ರೂ ಬೀಳ್ತಾರ್ರೀ. ಎದ್ದು, ಯಾರೂ ನೋಡ್ಲಿಲ್ಲ ಅಂತ ಪಂಚೆ ಸರಿ ಮಾಡ್ಕೋತಾನಲ್ಲ, ಅಲ್ಲೈತಿ ನೋಡ್ರಿ ಮಜಾ!"

ಇದರಲ್ಲಿ ನಗುವಂಥದ್ದೇನಿದೆ ಎಂದು ಯಾರಾದರೂ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ನಗು ಅಂದ್ರೆ ಕೂದ್ಲಿದ್ದಂಗೆ, ಒಬ್ಬೊಬ್ರದ್ದು ಒಂದೊಂದ್ ಥರ" ಎಂದು ಬೇರೆ ಸೀನು ಹಾಕುತ್ತಿದ್ದರು.

ನಾನು ನಗುತ್ತಿರಲಿಲ್ಲ. ನಾಲ್ಕು ಜನರ ಮುಂದೆ ಬಾಯಿಬಿಟ್ಟು ನಕ್ಕರೆ ನಮ್ಮ ಬಂಡವಾಳ ಬಯಲಾಗುತ್ತದೆಂಬುದು ನನ್ನ ನಂಬಿಕೆ. ಅದೂ ಅಲ್ಲದೆ, ಯಾರು ಯಾವುದಕ್ಕೆ ನಗುತ್ತಾರೆಂದು ಅಣ್ಣ ಕನ್ನಡಿಯಲ್ಲಿ ಗಮನಿಸುವುದು ನನ್ನ ಕಣ್ಣಿಗೆ ಬಿದ್ದಿತ್ತು.

ನಮ್ಮ ಕಡೆ ಹೆಣ್ಣು ಕೊಡುವವರು ಗಂಡಿನ ಬಗ್ಗೆ ನೆಂಟರಿಷ್ಟರನ್ನು ಕೇಳುವುದು ಹೆಸರಿಗೆ ಮಾತ್ರ. ನಿಜವಾದ ವಿಚಾರಣೆ ನಡೆಯುವುದು ಕಟಿಂಗ್ ಶಾಪಿನಲ್ಲಿ. ನನಗಾಗಲೇ ಎರಡು ಸಂಬಂಧ ತಪ್ಪಿದ್ದವು. ಅಣ್ಣನೇ ಏನೋ ಹೇಳಿ ತಪ್ಪಿಸಿದರೆಂದು ನನ್ನ ಅನುಮಾನ.

ಒಂದು ಭಾನುವಾರ ನನ್ನ ಗಡ್ಡಕ್ಕೆ ಸೋಪು ಹಚ್ಚಿ, ಸಾಹುಕಾರನ ಸೀನು ಹಾಕಿ, ಗಂಟಲ ಮೇಲೆ ಕತ್ತಿ ಇಟ್ಟರು. ಅದರ ಹಿಂದೆಯೇ ಎಂದೂ ಹಾಕದ ಇನ್ನೊಂದು ಸೀನು: ಕುಂಟ ಆಳೊಬ್ಬನ ನಡಿಗೆಯನ್ನು ಊರೆಲ್ಲ ಅಣಕಿಸುವುದು. ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

"ನಗು ಬರ್ಲಿಲ್ಲೇನು ತಮ್ಮಾ?"

"ಇಲ್ಲ ಬಿಡ್ರೀ."

ಬೆಂಚಿನ ಮೇಲೆ ಗುರುತಿಲ್ಲದ ಹಿರಿಯರೊಬ್ಬರು ಪೇಪರು ಹಿಡಿದು ಕೂತಿದ್ದರು. ಹಾಳೆ ಮಗುಚುತ್ತಲೇ ಇರಲಿಲ್ಲ.

ಮುಂದಿನ ವಾರ ಕ್ಯಾಸನೂರಿನ ಕಡೆ ಹೆಣ್ಣು ನೋಡಲು ಹೋದರೆ, ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟ ಹುಡುಗಿಯ ಅಪ್ಪ ಅದೇ ಹಿರಿಯರು! ಹುಡುಗಿಯನ್ನು ನೋಡಿದ ಕೂಡಲೇ ಇವಳೇ ಆಗಬೇಕೆಂದು ಮನಸ್ಸು ಹಟ ಹಿಡಿಯಿತು. ಆದರೆ ಅಣ್ಣ ಇವರ ಕಿವಿಯಲ್ಲಿ ಏನು ಊದಿದ್ದಾರೋ ಎಂಬ ಭಯಕ್ಕೆ ತಟ್ಟೆಯ ಉಪ್ಪಿಟ್ಟು ಮುಟ್ಟದೆ ಹಿರಿಯರ ಮುಖವನ್ನೇ ನೋಡುತ್ತ ಕೂತೆ.

ಮದುವೆಯಾಯಿತು. ಅನುಮಾನ ಹೋಗಲಿಲ್ಲ. "ಅವತ್ತು ಏನ್ ಹೇಳಿದ್ರೀ?" ಎಂದು ಪ್ರತಿ ಸಲ ಕೇಳುತ್ತಿದ್ದೆ. "ಏನಿಲ್ಲ ತಗೋ, ತಲೆ ನೆಟ್ಟಗಿಡು" ಎಂದು ಹಾರಿಸುತ್ತಿದ್ದರು. ಒಳ್ಳೆಯದನ್ನೇ ಹೇಳಿದ್ದರೆ ಮುಚ್ಚಿಡುವುದೇಕೆ?

ಹೋದ ಮಳೆಗಾಲದಲ್ಲಿ ಅಣ್ಣ ತೀರಿಕೊಂಡರು. ಮಣ್ಣಿಗೆ ಮಾವನೂ ಬಂದಿದ್ದರು. ವಾಪಸು ಬರುವಾಗ ಅವರನ್ನೇ ಹಿಡಿದೆ.

"ಎಂತ ಹೇಳಿದ್ರು ಅಂದ್ರೆ," ಮಾವ ನೆನಪಿಸಿಕೊಂಡರು, "‘ಹುಡುಗ ಅನುಮಾನದ ಪ್ರಾಣಿ, ಮುಖ ಬಿಗಿದೇ ಇರ್ತಾನೆ. ಆದ್ರೆ ಸಾಹುಕಾರ ಪಂಚೆ ಸರಿ ಮಾಡ್ಕೊಳೋವಾಗ ಕತ್ತಿಯಡಿ ಅವನ ಗಂಟಲು ಕುಣೀತು. ಕುಂಟನ್ನ ಅಣಕಿಸೋವಾಗ ಅದೂ ಅಲುಗ್ಲಿಲ್ಲ. ಧೈರ್ಯವಾಗಿ ಹೆಣ್ಣು ಕೊಡ್ರಿ’ ಅಂದ್ರು ಮಾರಾಯ. ನಿಂಗೆ ಹೇಳ್ಬೇಡಿ ಅಂತಾನೂ ಅಂದಿದ್ರು. ಹೇಳಿದ್ರೆ ಗಂಟಲನ್ನೂ ಬಿಗಿ ಹಿಡೀತೀಯಂತೆ."

ಮಾವ ನಕ್ಕರು. ನನಗೆ ಅಳು ಬಂತು. ಬೆರಳ ತುದಿಯಲ್ಲಿ ನನ್ನನ್ನು ಓದಿ, ನನಗೊಂದು ಸಂಸಾರ ಕೊಡಿಸಿದ ಮನುಷ್ಯ. ಅಂಥವರೆದುರು ನಾನು ಒಂದು ಸಲವೂ ಬಾಯಿಬಿಟ್ಟು ನಗಲಿಲ್ಲ.